ಅಂಗಡಿ ಆಯಿಯ ಸ್ಟೀಲ್ ಡಬ್ಬಿ

ಆಯಿಯ ಬಲಗೈ ಹೆಬ್ಬೆರಳ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಹರೆಯದಲ್ಲಿ ಬೆಲ್ಲದ ಪೆಂಟೆ ಒಡೆಯುವಾಗ ಕಬ್ಬಿಣದ ಸುತ್ತಿಗೆ ಬೆರಳ ಮೇಲೆ ಬಿದ್ದಿತ್ತಂತೆ. ಆ ಸೀಳಿನಲ್ಲಿ ದಾರ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ಪೊಟ್ಟಣಕ್ಕೆ ಗಂಟು ಹಾಕುತ್ತಿದ್ದಳು. ಇನ್ನೊಂದು ಕೈ ಅಷ್ಟರಲ್ಲೇ ಮುಂದಿನವರ ಚೀಲ ಹಿಡಿದಿರುತ್ತಿತ್ತು.

ಬೇವೂರಿನಲ್ಲಿ ಎಲ್ಲರೂ ಆಕೆಯನ್ನು ಅಂಗಡಿ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗಳು ಬಾದಾಮಿಯಲ್ಲಿ ಸಂಸಾರ ಮಾಡಿಕೊಂಡಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡೇ ಬಾಗಿಲು ತೆಗೆಯುತ್ತಿದ್ದಳು.

ನಾನು ತಂಪು ಪಾನೀಯದ ಕಂಪನಿಯೊಂದರಲ್ಲಿ ಮಾರಾಟದ ಕೆಲಸದವನು. ಬೇವೂರು, ಗುಡೂರು, ಅಮೀನಗಡ, ಇಳಕಲ್ಲು ಎಂದು ವಾರವಿಡೀ ಬೈಕಿನ ಮೇಲೆ ತಿರುಗುತ್ತೇನೆ. ತಿಂಗಳಿಗಿಷ್ಟು ಪೆಟ್ಟಿಗೆ ಹೋಗಲೇಬೇಕೆಂದು ಟಾರ್ಗೆಟ್ ಇರುತ್ತದೆ. ಅದನ್ನು ಮುಟ್ಟಿದರೆ ಮುಂದಿನ ತಿಂಗಳು ಅದು ಇನ್ನೂ ಮೇಲೇರುತ್ತದೆ. ಹದಿನಾರು ವರ್ಷದಲ್ಲಿ ಒಮ್ಮೆಯೂ ಕೆಳಗಿಳಿದದ್ದನ್ನು ನಾನು ಕಂಡಿಲ್ಲ.

"ಇನ್ನೆರಡ ಪೆಟಗಿ ತಗೋರಿ ಆಯಿ," ಎಂದರೆ ಆಕೆ ನಗುತ್ತಿದ್ದಳು.

"ಇಷ್ಟ ಸಾಕೋ ತಮ್ಮಾ. ಊರಾಗ ಕುಡಿಯಾವ್ರು ಅಷ್ಟ ಮಂದಿ ಅದಾರ. ಅವರ ಹೊಟ್ಟಿ ನೀ ದೊಡ್ಡದು ಮಾಡಾಂವೇನು?"

ಮಾರುವುದಕ್ಕೆ ಕೂತು ಬೇಡ ಎಂದು ಹೇಳುವ ಅಂಗಡಿಯವರನ್ನು ನಾನು ಬೇರೆಲ್ಲೂ ನೋಡಿಲ್ಲ. ಕೆಮ್ಮುತ್ತ ಬಂದವರಿಗೆ ಬಾಟಲಿ ಕೊಡುತ್ತಿರಲಿಲ್ಲ. ಎಣ್ಣೆ ಹಳೆಯದಾಗಿದ್ದರೆ, "ಇದು ಹಳೇದೈತಿ, ನಾಳಿ ಬಾ," ಎಂದು ತಾನೇ ವಾಪಸು ಕಳಿಸುತ್ತಿದ್ದಳು. ಇಂಥವರ ಅಂಗಡಿಯಲ್ಲಿ ನನ್ನ ಟಾರ್ಗೆಟ್ ಎಲ್ಲಿ ಮುಟ್ಟೀತು?

ಆದರೂ ಕಂಪನಿಯ ಫ್ರಿಜ್ಜೊಂದನ್ನು ನಾನೇ ಆಕೆಗೆ ಕೊಡಿಸಿದ್ದೆ. ಅದರಲ್ಲಿ ಕಂಪನಿಯ ಬಾಟಲಿ ಬಿಟ್ಟು ಬೇರೇನೂ ಇಡಬಾರದೆಂಬುದು ನಿಯಮ. ಎರಡೇ ತಿಂಗಳಲ್ಲಿ ಕೆಳಗಿನ ಹಲಗೆಯ ಮೇಲೊಂದು ಸ್ಟೀಲ್ ಡಬ್ಬಿ ಬಂದು ಕೂತಿತ್ತು. ಹಿತ್ತಲ ಹಿಂದಿನ ಮನೆಯ ಕುರಿಗಾರ ಹೆಂಗಸಿನ ಇನ್ಸುಲಿನ್ ಅದರಲ್ಲಿತ್ತು. ಬೀರಪ್ಪ ದೇವರ ಒಕ್ಕಲಿನ ಮನೆ. ಗಂಡ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ತಿರುಗುವವನು. ಫ್ರಿಜ್ ಇದ್ದ ಮನೆಗಳು ಊರಲ್ಲಿ ಇದ್ದವು. ಆದರೆ ದಿನಕ್ಕೆರಡು ಸಲ ಮಂದಿಯ ಬಾಗಿಲು ತಟ್ಟಲು ಆಕೆಗೆ ಸಂಕೋಚ. ಅಂಗಡಿಯ ಬಾಗಿಲಿಗೆ ಯಾರು ಬೇಕಾದರೂ ಬರಬಹುದಲ್ಲ.

ಫ್ರಿಜ್ಜಿನ ಒಳಗಿನ ಫೋಟೋ ತೆಗೆದು ನಾನು ಪ್ರತಿ ತಿಂಗಳು ಆಫೀಸಿಗೆ ಕಳಿಸಬೇಕಿತ್ತು. ಡಬ್ಬಿ ಹೊರಗಿಟ್ಟು ಫೋಟೋ ತೆಗೆದು, ಮತ್ತೆ ಅದನ್ನು ಒಳಗಿಡುತ್ತಿದ್ದೆ. ಹೀಗೆ ಎರಡು ವರ್ಷ ನಡೆಯಿತು.

ಒಂದು ಏಪ್ರಿಲ್ಲಿನಲ್ಲಿ ಹುಬ್ಬಳ್ಳಿ ಆಫೀಸಿನಿಂದ ನಮ್ಮ ಸಾಹೇಬರು ಹೇಳದೆ ಕೇಳದೆ ಬಂದರು. ಆಯಿಯ ಅಂಗಡಿಯಲ್ಲಿ ಫ್ರಿಜ್ ತೆರೆದು ಡಬ್ಬಿ ಎತ್ತಿದರು.

"ಇದೇನ್ರಿ?"

"ಔಷಧ ಐತ್ರಿ. ಹಿಂದಿನ ಮನ್ಯಾಕಿದು," ಎಂದಳು ಆಯಿ.

"ಕಂಪನಿ ಮಾಲ್ ಬಿಟ್ಟು ಇದರಾಗ ಏನೂ ಇಡಂಗಿಲ್ಲ ಅಂತ ಗೊತ್ತಿಲ್ಲೇನ್ರಿ?"

ಆಯಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದಳು. "ನಿಮ್ಮ ಬಾಟ್ಲಿ ಬೆಚ್ಚಗಾದ್ರ ಏನೂ ಆಗಂಗಿಲ್ರಿ ಸಾಹೇಬ್ರ. ಇದು ಕೆಟ್ರ ಆಕಿ ಉಳಿಯಂಗಿಲ್ಲ."

ಸಾಹೇಬರು ಕೆಟ್ಟವರಲ್ಲ. ಅವರ ಮುಖವೂ ಒಂದು ಕ್ಷಣ ಸಣ್ಣದಾಯಿತು. ಆಮೇಲೆ, "ಅದು ಕಂಪನಿ ಜವಾಬ್ದಾರಿ ಅಲ್ರಿ," ಎಂದು ನನ್ನ ಕಡೆ ತಿರುಗಿದರು. "ಇಲ್ಲಿ ಸೇಲ್ ಏನೂ ಇಲ್ಲ. ಈ ಫ್ರಿಜ್ಜನ್ನ ಅಮೀನಗಡದ ಢಾಬಾಕ್ಕ ಹಾಕಿಬಿಡು."

ನಾನು ಹೂಂ ಎಂದೆ.

ಮೂರು ದಿನದ ಮೇಲೆ ಟೆಂಪೋ ತೆಗೆದುಕೊಂಡು ಹೋದಾಗ ಆಯಿ ಫ್ರಿಜ್ಜನ್ನು ಒಳಗೂ ಹೊರಗೂ ಒರೆಸಿ ಇಟ್ಟಿದ್ದಳು. ಹಮಾಲರಿಗೂ ನನಗೂ ಚಹಾ ಕೊಟ್ಟಳು. ಫ್ರಿಜ್ ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು.

"ಸಿಟ್ಟಿಲ್ಲೋ ತಮ್ಮಾ. ನಿನ್ನ ಹೊಟ್ಟಿಪಾಡು ನನಗ ತಿಳಿತೈತಿ. ಆದ್ರ ಎರಡ ವರ್ಷ ಆ ಡಬ್ಬಿ ನೀನೂ ಕೈಯಾಗ ಹಿಡದಾಂವ. ಅವರ ಮುಂದ ಒಂದ ಮಾತ ಯಾಕ ಆಡಲಿಲ್ಲ?"

ಕಪ್ಪು ಕೆಳಗಿಟ್ಟು ಎದ್ದೆ.

ಆಯಿ ಸುಮ್ಮನೆ ಕೂರಲಿಲ್ಲ. ಊರಿನ ಆರೋಗ್ಯ ಕೇಂದ್ರದ ಸಿಸ್ಟರನ್ನು ಕೇಳಿಕೊಂಡು ಬಂದು, ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಉಸುಕು ತುಂಬಿ, ದಿನಕ್ಕೆ ಮೂರು ಸಲ ನೀರು ಹನಿಸಿ ಔಷಧ ತಂಪಾಗಿಟ್ಟಳು. ಆ ಬೇಸಿಗೆಯೆಲ್ಲ ಮಗಳ ಮನೆಗೂ ಹೋಗಲಿಲ್ಲ. ಕುರಿಗಾರ ಹೆಂಗಸು ಉಳಿದಳು. ಬಾಟಲಿಗಳನ್ನು ಮಾತ್ರ ಆಯಿ ಮತ್ತೆಂದೂ ತರಿಸಲಿಲ್ಲ. ಹಾಗಾಗಿ ಬೇವೂರಿನಲ್ಲಿ ನನಗೆ ಕೆಲಸವಿರಲಿಲ್ಲ. ಆದರೂ ದಾರಿಯಲ್ಲಿ ಅಲ್ಲಿ ಬೈಕು ನಿಲ್ಲಿಸುತ್ತಿದ್ದೆ.

ಮರುವರ್ಷ ಗುಡೂರಿನ ಅಂಗಡಿಯೊಂದರಲ್ಲಿ ಅಂಥದ್ದೇ ಪ್ರಸಂಗ ಬಂತು. ಅಲ್ಲಿ ಫ್ರಿಜ್ಜಿನಲ್ಲಿ ಸಿಕ್ಕಿದ್ದು ಬಾಣಂತಿಯೊಬ್ಬಳ ಔಷಧ. ಈ ಸಲ ನಾನು, "ಸರ್, ಇದನ್ನ ಇಡಾಕ ನಾನ ಹೇಳೇನ್ರಿ. ಇರಲಿ ಬಿಡ್ರಿ," ಎಂದೆ. ಸಾಹೇಬರು ಕೇಳಲಿಲ್ಲ. ಆ ಫ್ರಿಜ್ಜೂ ಹೋಯಿತು. ನನ್ನ ಬಡ್ತಿಯ ಮಾತು ಅಲ್ಲಿಗೇ ನಿಂತಿತು.

ಬೇವೂರಿಗೆ ಹೋಗಿ ಆಯಿಗೆ ಹೇಳಿದೆ.

"ತಡಾ ಆತಲ್ಲೋ," ಎಂದಳು. "ಆದ್ರೂ ಮಾತ ಆಡಿದ್ಯಲ್ಲ," ಎಂದು ನನ್ನ ಬೆನ್ನ ಮೇಲೆ ಕೈಯಾಡಿಸಿದಳು.

ಹೋದ ವರ್ಷ ಶ್ರಾವಣದಲ್ಲಿ ಆಯಿ ಲಿಂಗೈಕ್ಯಳಾದಳು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಆಕೆಯನ್ನು ಸಮಾಧಿಯ ಕುಣಿಯಲ್ಲಿ ಕೂರಿಸಿಯಾಗಿತ್ತು. ಬಿಲ್ವಪತ್ರೆ, ಹಿಡಿ ಮಣ್ಣು ಹಾಕಿ ಈಚೆ ಬಂದಾಗ ಕುರಿಗಾರ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತಳು.

"ಮೂರ ದಿನ ಆದಮ್ಯಾಲ ಅಂಗಡಿ ನಾ ತಗಿತೇನ್ರಿ. ಆಯಿ ಮಗಳೂ ಹೂಂ ಅಂದಾಳ. ಮಡಕ್ಯಾಗ ಔಷಧ ಇಡಾಕ ಈಗ ಇನ್ನೂ ಇಬ್ಬರು ಬರತಾರ, ಬಾಗಲಾ ಹಾಕಿದ್ರ ಹೆಂಗ?"

"ಒಳ್ಳೇದಾತ್ರಿ," ಎಂದೆ.

ಹೊರಟವನನ್ನು ಆಕೆ ಕರೆದಳು. "ನೀವೂ ಬರಕೋಂತ ಇರ್ರಿ. ಮಾರಾಕ ಅಲ್ಲ, ಹಂಗ ಬರ್ರಿ."

ಮಧ್ಯಾಹ್ನ ಮೂರಕ್ಕೆ ನಾನು ಇಳಕಲ್ಲಿನ ಅಂಗಡಿಗಳಿಗೆ ಹೋಗಬೇಕಿತ್ತು. ತಿಂಗಳ ಕೊನೆ, ಇನ್ನೂ ಬಹಳ ಪೆಟ್ಟಿಗೆ ಉಳಿದಿದ್ದವು. ಕೈಯ ಮಣ್ಣು ತೊಳೆದುಕೊಂಡು ಇಳಕಲ್ಲಿನ ಕಡೆ ಹೋದೆ.