ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದು

ನನಗೆ ಸಿಟ್ಟು ಬೇಗ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಇಲ್ಲಿ ತಪ್ಪು ಮಾಡಿದವಳೂ ನಾನೇ, ಊರೆಲ್ಲ ಕೇಳುವಂತೆ ಕೂಗಾಡಿದವಳೂ ನಾನೇ.

ಅಪ್ಪನಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಬಲಗಣ್ಣೊಂದನ್ನೇ ನಂಬಿ ಕೃಷ್ಣಾ ಹೊಳೆಯಲ್ಲಿ ಮೀನು ಹಿಡಿದ, ಬಲೆ ಹೆಣೆದ, ನನ್ನನ್ನು ಓದಿಸಿ ಟೀಚರ್ ಮಾಡಿದ. ಈಗ ಆ ಕಣ್ಣಿಗೂ ಪೊರೆ ಬಂದಿತ್ತು. ಬಲೆಯ ಹರಿದ ಕಣ್ಣಿಗೆ ದಾರ ಹಾಕುವಾಗ ಬೆರಳಿನಿಂದ ತಡವಿ ತಡವಿ ಗಂಟು ಹುಡುಕುತ್ತಿದ್ದ. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಯಾದಗಿರಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಸಕ್ಕರಿ ಇಳಿಸ್ಕೊಂಡು ತಿಂಗಳು ಬಿಟ್ಟು ಬರ್ರಿ. ಇಳೀಲಿಲ್ಲಂದ್ರ ನಾ ಕೈ ಹಚ್ಚಂಗಿಲ್ಲ. ಇರೋದು ಒಂದ ಕಣ್ಣು," ಎಂದರು.

ಅಪ್ಪನಿಗೆ ಊಟವಾದ ಮೇಲೆ ಬೆಲ್ಲದ ಚೂರು ಬೇಕೇ ಬೇಕು. ಅದನ್ನು ಬಿಡಿಸುವುದು ಹೇಗೆ? ನಾನಿರುವುದು ಸುರಪುರದಲ್ಲಿ, ಅಪ್ಪ ಅವ್ವ ಹೊಳೆದಂಡೆಯ ಹಳ್ಳಿಯಲ್ಲಿ. ದಿನಾ ಕಾವಲು ಕೂರಲು ಆಗುವುದಿಲ್ಲ. ಆಗ ಮೊಬೈಲಿನಲ್ಲಿ ಒಂದು ವಿಡಿಯೋ ಕಂಡಿತು. ಸಕ್ಕರೆ ಬೇಡ, ಬೆಲ್ಲ ಬೇಡ, ಒಲೆ ಹಚ್ಚುವುದೂ ಬೇಡ; ಖಜೂರದ ಪೌಷ್ಟಿಕ ಉಂಡೆ. ನನಗೆ ದಾರಿ ಸಿಕ್ಕಂತಾಯಿತು.

ಶಹಾಪುರದ ಬಜಾರಿನಿಂದ ಮೆತ್ತನೆಯ ಖಜೂರ, ಬಾದಾಮಿ, ಅಂಜೂರ ತಂದೆ. ಬಂಡಿಯವನ ಹತ್ತಿರ ಹುರಿದ ಶೇಂಗಾ ಕೊಂಡು, ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿದೆ. ಬೀಜ ತೆಗೆದ ಖಜೂರ, ಅಂಜೂರ ಸಿಕ್ಕಿಕೊಂಡು ಮಿಕ್ಸಿ ಎರಡು ಸಲ ಗರ್ ಅಂದು ನಿಂತಿತು. ಬೈದುಕೊಳ್ಳುತ್ತಲೇ ಕೈಯಿಂದ ನಾದಿದೆ. ಶೇಂಗಾ, ಬಾದಾಮಿ ತರಿತರಿಯಾಗಿ ಕುಟ್ಟಿ ಬೆರೆಸಿ, ಒಣಕೊಬ್ಬರಿ ತುರಿದು ಹಾಕಿ, ಅಂಗೈಗೆ ತುಪ್ಪ ಸವರಿ ಲಿಂಬೆಹಣ್ಣಿನಷ್ಟು ದೊಡ್ಡ ಉಂಡೆ ಕಟ್ಟಿದೆ. ಸ್ಟೀಲಿನ ಡಬ್ಬಿ ತುಂಬಿತು. ಮುಚ್ಚಳಕ್ಕೆ ಬಿಳಿ ಹಾಳೆ ಅಂಟಿಸಿ, ಬೋರ್ಡಿನ ಮೇಲೆ ಬರೆಯುವ ಹಾಗೆ ದುಂಡಗೆ ಬರೆದೆ: "ದಿನಕ್ಕೆ ಒಂದೇ ಒಂದು."

ಭಾನುವಾರ ಹಳ್ಳಿಗೆ ಒಯ್ದು ಅವ್ವನ ಕೈಗೆ ಕೊಟ್ಟೆ. "ಯವ್ವಾ, ಅಪ್ಪಗ ಇನ್ನ ಬೆಲ್ಲ ಮುಟ್ಟಸಬ್ಯಾಡ. ಇದನ್ನ ಕೊಡು. ಇದ್ರಾಗ ಸಕ್ಕರಿ ಇಲ್ಲ, ಬೆಲ್ಲ ಇಲ್ಲ," ಎಂದೆ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು, ಓಡಿ ಹೋಗಿ ಹತ್ತಿದೆ. ಮುಂದಿನ ಭಾನುವಾರಗಳಲ್ಲಿ ಡಬ್ಬಿ ಬೇಗ ಖಾಲಿಯಾಗುತ್ತಿತ್ತು. ನೆರೆಹೊರೆಯವರಿಗೂ ಹಂಚಿರಬೇಕು ಎಂದುಕೊಂಡು ಮತ್ತೆ ಮತ್ತೆ ತುಂಬಿಸಿ ಕೊಟ್ಟೆ.

ತಿಂಗಳ ಮೇಲೆ ಯಾದಗಿರಿಗೆ ಹೋದರೆ ಸಕ್ಕರೆ ಮುನ್ನೂರು ದಾಟಿತ್ತು. ಮೊದಲಿಗಿಂತ ಹೆಚ್ಚು.

"ಏನೇನು ತಿಂತಾರ ಹೇಳ್ರಿ," ಎಂದು ಡಾಕ್ಟರು ಅವ್ವನನ್ನೇ ಕೇಳಿದರು.

"ಏನಿಲ್ರಿ. ರೊಟ್ಟಿ, ಪಲ್ಯ, ಮತ್ತ ಮಗಳು ಮಾಡಿದ ಉಂಡಿ. ಅದ್ರಾಗ ಸಕ್ಕರಿ ಇಲ್ರಿ."

"ದಿನಕ್ಕ ಎಷ್ಟು?"

"ಮುಂಜಾನಿ ಎರಡು, ಸಂಜಿಗಿ ಎರಡು. ಒಂಟಿ ಹೆಂಗ ಕೊಡೋದ್ರಿ ಕೈಯಾಗ?"

ನಮ್ಮ ಮನೆಯ ರಿವಾಜು ಅದು. ಯಾರ ಕೈಗೂ ಒಂಟಿ ಪದಾರ್ಥ ಇಡುವುದಿಲ್ಲ. ರೊಟ್ಟಿಯಾದರೂ ಎರಡು, ಬಾಳೆಹಣ್ಣಾದರೂ ಎರಡು. ಒಂಟಿ ಇಡುವುದು ಸತ್ತವರ ಮುಂದೆ ಎಂದು ಅವ್ವ ನಂಬಿದವಳು. ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ಉಂಡೆ ಕಟ್ಟುವಾಗ ಮಾತ್ರ ಹೊಳೆಯಲಿಲ್ಲ.

ಡಾಕ್ಟರು ನನ್ನ ಕಡೆ ತಿರುಗಿ, "ಖಜೂರದಾಗ ಇರೋದು ಮತ್ತೇನ್ರಿ ಟೀಚರ?" ಎಂದರು. ನನ್ನ ಮುಖ ಕಪ್ಪಿಟ್ಟಿತು. ಸಕ್ಕರೆ ಗುಳಿಗೆಯ ಪ್ರಮಾಣ ಹೆಚ್ಚಿಸಿ, ಆಪರೇಶನ್ನನ್ನು ಮೂರು ವಾರ ಮುಂದೆ ಹಾಕಿದರು. ಪೊರೆ ಇನ್ನಷ್ಟು ಬಲಿತರೆ ಕಷ್ಟ ಎಂದೂ ಹೇಳಿದರು.

ಆ ನಾಚಿಕೆಯನ್ನೆಲ್ಲ ವರಾಂಡದಲ್ಲಿ ಅವ್ವನ ಮೇಲೆ ತೀರಿಸಿಕೊಂಡೆ. "ಒಂದ ಒಂದು ಅಂತ ಹೇಳೀನಿಲ್ಲೋ ನಿನಗ?"

"ನೀ ಹಂಗ ಹೇಳಿಲ್ಲ ಮಗಳ."

"ಹೇಳೀನಿ! ಅಪ್ಪನ ಕಣ್ಣು ಹೋದ್ರ ನಿನ್ನಿಂದ!"

ಅಪ್ಪ ಗೋಡೆ ಹಿಡಿದು ನಿಂತು, ನಮ್ಮಿಬ್ಬರಲ್ಲಿ ಯಾರು ಎಲ್ಲಿದ್ದೇವೆಂದು ಹುಡುಕುತ್ತಿದ್ದ.

ಇಬ್ಬರನ್ನೂ ಸುರಪುರಕ್ಕೆ ಕರೆತಂದು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಉಳಿದ ಉಂಡೆಗಳ ಸಮೇತ ಡಬ್ಬಿಯನ್ನೂ ತಂದು ಅಟ್ಟದ ಮೇಲಿಟ್ಟೆ. ಮೂರು ವಾರ ಅಳೆದು ಉಣ್ಣಿಸಿದೆ. ಆಪರೇಶನ್ ದಿನ ಗುಳಿಗೆ ತೆಗೆದುಕೊಂಡು ನಾಷ್ಟಾ ಮಾಡಿಯೇ ಬರಬೇಕೆಂದು ಡಾಕ್ಟರು ಹೇಳಿದ್ದರು. ನಾನು ಗುಳಿಗೆಯನ್ನಷ್ಟೇ ಕೊಟ್ಟೆ.

"ಅರ್ಧ ರೊಟ್ಟಿರೆ ತಿನ್ಲಿ," ಎಂದಳು ಅವ್ವ.

"ಏನೂ ಬ್ಯಾಡ. ಮತ್ತ ಏರಿದ್ರ ವಾಪಸ್ ಕಳಸ್ತಾರ."

ಶಹಾಪುರ ದಾಟುವವರೆಗೆ ಅಪ್ಪ ಚೆನ್ನಾಗಿಯೇ ಇದ್ದ. ಆಮೇಲೆ "ಹೊಳಿ ಬಂತೇನು?" ಎಂದು ಕೇಳಿದ. ಯಾದಗಿರಿಗೆ ಮುಂಚೆ ಸಿಗುವ ಭೀಮಾ ನದಿಯ ಸೇತುವೆಯ ಬಗ್ಗೆ ಕೇಳುತ್ತಿದ್ದಾನೆಂದು, "ಇನ್ನೂ ದೂರ ಅದ," ಎಂದೆ. ಮತ್ತೆ ಅದನ್ನೇ ಕೇಳಿದ. ಮೂರನೆಯ ಸಲ ದನಿ ತೊದಲಿತು. ತಿರುಗಿ ನೋಡಿದರೆ ಅಂಗಿ ಬೆನ್ನಿಗೆ ಅಂಟುವಷ್ಟು ಬೆವತಿದ್ದ. ಎರಡೂ ಕೈ ನಡುಗುತ್ತಿದ್ದವು. "ಬಲಿ ಎಲ್ಲಿಟ್ಟೀರಿ?" ಎನ್ನುತ್ತ, ಬಲೆ ಹೆಣೆಯುವ ಹಾಗೆ ಗಾಳಿಯಲ್ಲಿ ಗಂಟು ಹಾಕತೊಡಗಿದ.

ಸಕ್ಕರೆ ಅತಿಯಾಗಿ ಇಳಿದಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅವ್ವ ಸೆರಗಿನ ಗಂಟು ಬಿಚ್ಚಿದ್ದಳು. ಅದರಲ್ಲಿ ಒಂದು ಖಜೂರದ ಉಂಡೆ. ಅಟ್ಟ ಹತ್ತಿದ್ದಳು, ಕಳ್ಳಿ. ನಾನು ಅವಳ ಮುಂಗೈ ಹಿಡಿದುಬಿಟ್ಟೆ. ಇವತ್ತು ಡಾಕ್ಟರು ಬೇಡವೆಂದರೆ ಕಣ್ಣಿನ ಗತಿ ಏನು ಎಂಬುದೊಂದೇ ತಲೆಯಲ್ಲಿತ್ತು.

"ಕೈ ಬಿಡು. ಕಣ್ಣು ಆಮ್ಯಾಲ. ಮೊದ್ಲ ಮನುಷ್ಯಾ ಉಳೀಲಿ," ಎಂದಳು. ಅವ್ವ ನನ್ನೊಂದಿಗೆ ಹಾಗೆ ಎಂದೂ ಮಾತಾಡಿರಲಿಲ್ಲ. ಕೈ ಬಿಟ್ಟೆ.

ಅವಳು ಉಂಡೆಯನ್ನು ಬಾಯಿಗಿಡಲಿಲ್ಲ. ಎರಡು ಹೋಳು ಮಾಡಲು ಕುಳಿತಳು. "ಈಗೂ ಒಂಟಿ ಜೋಡಿ ಅಂತ ಕುಂತೀಯೇನ? ಇಡು ಬಾಯಾಗ!" ಎಂದು ಚೀರಿದೆ. ಇಡೀ ಬಸ್ಸು ತಿರುಗಿ ನೋಡಿತು. ಅವ್ವ ಅವಸರ ಮಾಡಲಿಲ್ಲ. ಒಂದು ಹೋಳನ್ನು ಚಿವುಟಿ ಚಿವುಟಿ ತಿನ್ನಿಸಿದಳು. ಅವನು ನುಂಗಿದ್ದನ್ನು ಗಂಟಲ ಮೇಲೆ ಕೈಯಿಟ್ಟು ನೋಡಿ, ನೀರು ಕುಡಿಸಿ, ಎರಡನೆಯದನ್ನು ಕೊಟ್ಟಳು. ನಾನು ಇಡೀ ಉಂಡೆ ತುರುಕಿದ್ದರೆ ಆ ನಡುಗುವ ಬಾಯಿಯಲ್ಲಿ ಅದು ಗಂಟಲಿಗೆ ಸಿಕ್ಕಿಕೊಳ್ಳುತ್ತಿತ್ತು.

ಮೈಲಿ ಮೈಲಿಯೂ ಅವನ ಕೈಯನ್ನೇ ನೋಡುತ್ತ ಕುಳಿತೆ. ನಡುಕ ನಿಂತಿತು. ಬಸ್ಸಿನ ಸದ್ದು ಸೇತುವೆಯ ಮೇಲೆ ಬದಲಾದಾಗ ಅಪ್ಪ ತಾನೇ ಹೇಳಿದ: "ಹೊಳಿ ಬಂತು ನೋಡು."

ಡಾಕ್ಟರು ನನ್ನನ್ನು ಚೆನ್ನಾಗಿ ಬೈದರು. ಅಪ್ಪನಿಗೆ ಏನಾದರೂ ತಿನ್ನಿಸಲು ಹೇಳಿ, ಮಧ್ಯಾಹ್ನದವರೆಗೆ ಕಾಯಿಸಿ, ಮತ್ತೆ ಸಕ್ಕರೆ ನೋಡಿ ಒಳಗೆ ಕರೆದುಕೊಂಡರು. ಕಾಗದಕ್ಕೆ ಅವ್ವನ ಒಪ್ಪಿಗೆಯೂ ಬೇಕಿತ್ತು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದ ಮಾಡುತ್ತ ಬಂದ ಹಾಗೆಯೇ ಅವಳ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದೆ. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಆಪರೇಶನ್ ಸರಿಯಾಯಿತು. ವಾರದ ಮೇಲೆ ಅಟ್ಟದಿಂದ ಡಬ್ಬಿ ಇಳಿಸಿ, ಡಾಕ್ಟರನ್ನು ಕೇಳಿಯೇ, ಗೋಲಿಯಷ್ಟು ಸಣ್ಣ ಉಂಡೆ ಕಟ್ಟಿ ತುಂಬಿದೆ. ಕಪ್ಪು ಕನ್ನಡಕದ ಅಪ್ಪ ಬಾಗಿಲ ಬೆಳಕಿನಲ್ಲಿ ಕುಳಿತಿದ್ದ. ಡಬ್ಬಿ ಕೈಗೆ ತೆಗೆದುಕೊಂಡು, ಕನ್ನಡಕ ಮೇಲೆತ್ತಿ ಅಕ್ಷರ ಕೂಡಿಸಿ ಓದಿದ. "ದಿನಕ್ಕೆ... ಒಂದೇ... ಒಂದು." ನಾನು ಖುಷಿಯಿಂದ ಹತ್ತಿರ ಹೋದೆ.

"ಇದು ಯಾವಾಗ ಬರದಿ?"

"ಮೊದಲಿಂದ್ಲೂ ಅದ ಯಪ್ಪಾ."

ಅಪ್ಪ ಕನ್ನಡಕ ಇಳಿಸಿದ. "ನಿಮ್ಮವ್ವಗ ಓದಾಕ ಬರಂಗಿಲ್ಲ. ನನಗ ಕಾಣ್ತಿದ್ದಿಲ್ಲ. ಯಾರಿಗಂತ ಬರದಿದ್ದಿ ಯವ್ವಾ?"

ನಾನು ಡಬ್ಬಿ ತೆಗೆದುಕೊಂಡು ಅವನ ಪಕ್ಕ ನೆಲದ ಮೇಲೆ ಕುಳಿತೆ. ಅವ್ವ ಅಡುಗೆಮನೆಯಿಂದ ಬಂದು, "ಏನು ಬರದದ?" ಎಂದಳು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಅವಳಿಗೆ ಓದಿ ಹೇಳಿದೆ.

"ಹಿಂಗ ಬರದಿದ್ದಿಯೇನು? ಬಾಯಿಲೆ ಹೇಳಿದ್ರ ಆಗ್ತಿತ್ತಲ್ಲ," ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಡಬ್ಬಿಯಿಂದ ಒಂದು ಉಂಡೆ ತೆಗೆದು, ಎರಡು ಹೋಳು ಮಾಡಿ, ಎರಡನ್ನೂ ಅಪ್ಪನ ಅಂಗೈಯಲ್ಲಿಟ್ಟಳು.