ಎರಡು ಬೆರಳಿನಷ್ಟು ಮರ

ನನ್ನ ಮೈದುನ ಅಳುವುದರಲ್ಲಿ ನಿಸ್ಸೀಮ. ಅಣ್ಣನ ಹೆಸರೆತ್ತಿದರೆ ಸಾಕು, ಕಣ್ಣು ತುಂಬಿಕೊಳ್ಳುತ್ತದೆ, ಹೆಗಲ ಮೇಲಿನ ಟವೆಲ್ಲು ಮುಖಕ್ಕೆ ಬರುತ್ತದೆ. ನನ್ನ ಗಂಡ ಹೋದ ಮೊದಲ ವರ್ಷ ನಾನೂ ಆತನ ಜೊತೆ ಕೂತು ಅತ್ತೆ. ಎರಡನೆಯ ವರ್ಷ ಒಂದು ವಿಷಯ ಗಮನಕ್ಕೆ ಬಂತು. ಆತ ಅತ್ತು ಹೋದಾಗಲೆಲ್ಲ ನನ್ನ ಮನೆಯ ಒಂದು ಸಾಮಾನು ಆತನ ಮನೆ ಸೇರಿರುತ್ತಿತ್ತು. ಮೊದಲು ಔಷಧಿ ಹೊಡೆಯುವ ಪಂಪು, ಆಮೇಲೆ ನೀರು ಹಾಯಿಸುವ ಪೈಪು, ಆಮೇಲೆ ಟಾರ್ಪಾಲು. ‘ಅಣ್ಣನ ನೆನಪಿಗೆ ಇರ್ಲಿ ಅತ್ಗೆ’ ಎನ್ನುತ್ತಿದ್ದ. ನೆನಪಿಗೆ ಯಾರಾದರೂ ಟಾರ್ಪಾಲು ಇಟ್ಟುಕೊಳ್ಳುತ್ತಾರೆಯೇ? ನಾಲ್ಕನೆಯ ವರ್ಷ ಬಂದೂಕಿನ ಸರದಿ ಬಂತು.

ತೊಂಡೇಬಾವಿಯಿಂದ ಒಂದಿಷ್ಟು ಒಳಗೆ, ಗುಡ್ಡದ ಬುಡದಲ್ಲಿ, ನನ್ನ ಗಂಡನ ಪಾಲಿಗೆ ಬಂದ ಮೂರು ಎಕರೆ ಇದೆ. ಬದುವಿನ ಆಚೆಗಿನ ಮೂರು ಎಕರೆ ಮೈದುನನದು. ಗಂಡ ಹೋದ ಮೇಲೆ ನನ್ನ ಹೊಲದ ಬಿತ್ತನೆಗೂ ಆತನೇ ಮುಂದೆ ನಿಲ್ಲುತ್ತಿದ್ದ. ಕಡಲೆಕಾಯಿ ಬಲಿಯುವ ಹೊತ್ತಿಗೆ ಸಂಜೆಯಾಗುತ್ತಲೇ ಕಾಡುಹಂದಿಗಳು ಗುಡ್ಡದಿಂದ ಇಳಿಯುತ್ತವೆ. ಒಂದು ಸಲ ನುಗ್ಗಿದರೆ ನಾಲ್ಕು ಸಾಲು ಮಗುಚಿ ಹಾಕುತ್ತವೆ. ಬೆಳೆ ಕಾಯಲೆಂದೇ ನಮ್ಮ ಮನೆಯಲ್ಲಿ ಒಂಟಿ ನಳಿಗೆಯ ಬಂದೂಕಿತ್ತು. ಮಾವನವರ ತಂದೆ ಶಿಕಾರಿ ಆಡಿದ್ದು ಅದರಲ್ಲೇ. ನಮ್ಮ ಕಾಲಕ್ಕೆ ಶಿಕಾರಿ ಮಾತು ಮುಗಿಯಿತು. ಆಕಾಶಕ್ಕೆ ಒಂದು ಗುಂಡು ಹಾರಿಸಿದರೆ ಹಂದಿಗಳು ಗುಡ್ಡ ಹತ್ತುತ್ತವೆ, ಅಷ್ಟೇ ಅದರ ಕೆಲಸ.

ಗಂಡ ಸತ್ತ ಮೇಲೆ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಚಿಕ್ಕಬಳ್ಳಾಪುರದ ಕಚೇರಿಗಳ ಮೆಟ್ಟಿಲು ಎರಡು ವರ್ಷ ಸವೆಸಿದೆ. ಇಪ್ಪತ್ತೆಂಟು ವರ್ಷ ಗೌರಿಬಿದನೂರಿನ ಶಾಲೆಯಲ್ಲಿ ಕನ್ನಡ ಪಾಠ ಹೇಳಿದವಳು, ಅರ್ಜಿ ಬರೆಯುವುದಕ್ಕೆ ಹೆದರುವವಳಲ್ಲ. ಪೊಲೀಸರು ನಡೆಸುವ ಬಂದೂಕು ತರಬೇತಿಗೂ ಹೋದೆ. ಅಲ್ಲಿದ್ದವರಲ್ಲಿ ಮಂಡಿನೋವಿನ ಎಣ್ಣೆ ಹಚ್ಚಿಕೊಂಡು ಬಂದವಳು ನಾನೊಬ್ಬಳೇ. ಆಗೆಲ್ಲ ಮೈದುನ ಅಡ್ಡ ಬರಲಿಲ್ಲ. ಆತನ ಲೆಕ್ಕಾಚಾರ ಬೇರೆ ಇತ್ತು.

‘ಹೆಸರು ನಿಮ್ದಿರ್ಲಿ ಅತ್ಗೆ, ಕಾಯೋ ಕೆಲ್ಸ ನಾನ್ ಮಾಡ್ತೀನಿ. ಕಡ್ಲೆಕಾಯಿ ಮೂಟೆ ನಿಮ್ ಮನೆ ಬಾಗ್ಲಿಗೆ ತಂದು ಹಾಕ್ತೀನಿ.’

‘ಲೈಸೆನ್ಸಲ್ಲಿ ನನ್ನ ಫೋಟೋ ಇದೆ ಕಣಪ್ಪ.’

‘ನಮ್ಮೂರಲ್ಲಿ ಯಾರ್ ಕೇಳ್ತಾರೆ? ಉಳುವವನೇ ಹೊಲದೊಡೆಯ ಅಂತಾರೆ. ನಮ್ ಕಡೆ ಕಾಯೋನೇ ಹೊಲದೊಡೆಯ’ ಎಂದು ನಕ್ಕ. ಬಾಯಿ ತಪ್ಪಿ ಬಂದ ನಿಜ ಅದು. ನನಗೆ ಅವತ್ತೇ ಎಲ್ಲ ಅರ್ಥವಾಯಿತು. ಮೂರು ಸುಗ್ಗಿ ಆತ ಕಾದರೆ ಬದು ಕರಗುತ್ತದೆ. ಬದು ಕರಗಿದ ಮೇಲೆ ಅತ್ತಿಗೆ ಮನೆಗೆ ಒಂದು ಮೂಟೆ ಕಡಲೆಕಾಯಿ ಹೋಗುವುದು ಹಕ್ಕಾಗಿ ಅಲ್ಲ, ದಯೆಯಾಗಿ. ಬಂದೂಕು ಯಾರ ಕೈಯಲ್ಲಿದೆಯೋ ಹೊಲ ಅವರದು. ಆದ್ದರಿಂದ ಅದು ನನ್ನ ಬೀರು ಬಿಟ್ಟು ಕದಲಕೂಡದು ಎಂದು ನಿಶ್ಚಯಿಸಿದೆ.

ಆಯುಧ ಪೂಜೆಯ ದಿನ ಕುಂಕುಮ ಹಚ್ಚಲು ಬಂದೂಕನ್ನು ಹೊರಗಿಟ್ಟಿದ್ದೆ. ನಾನು ನಿಂಬೆಹಣ್ಣು ತರಲು ಒಳಗೆ ಹೋದದ್ದೇ ತಡ, ಮೈದುನ ಅದನ್ನು ಹೆಗಲಿಗೇರಿಸಿ ಫೋನಿನಲ್ಲಿ ತನ್ನ ಫೋಟೋ ತಾನೇ ತೆಗೆದುಕೊಳ್ಳಲು ಹೋದ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಬಂದೂಕು. ಜಾರಿ ಕಲ್ಲು ಚಪ್ಪಡಿಯ ಮೇಲೆ ಬಿತ್ತು. ಭುಜಕ್ಕೆ ಒತ್ತಿಕೊಳ್ಳುವ ಮರದ ಭಾಗ ಕತ್ತಿನಲ್ಲಿ ಮುರಿದು ಎರಡಾಯಿತು. ಫೋನಿಗೆ ಏನೂ ಆಗಲಿಲ್ಲ.

ನಾನು ಬೈದೆ. ಆತ ಅತ್ತ. ‘ನಾನೇ ಹೊಸದು ಮಾಡ್ಸಿ ಕೊಡ್ತೀನಿ ಅತ್ಗೆ. ಅಣ್ಣಂದು ಹೆಂಗಿತ್ತೋ ಹಂಗೇ. ಅದೇ ಉದ್ದ, ಅದೇ ಅಳತೆ.’

ನಿಜ ಹೇಳುತ್ತೇನೆ, ಆ ಮರ ಮುರಿದದ್ದಕ್ಕೆ ನನಗೆ ಅಂಥ ದುಃಖವೇನೂ ಆಗಲಿಲ್ಲ. ನನ್ನ ಗಂಡ ಆರಡಿ ಆಳು. ನಾನು ಐದಕ್ಕೂ ಕಡಿಮೆ. ಆತನ ಬಂದೂಕನ್ನು ನಾನು ಎತ್ತಿದರೆ ಟ್ರಿಗರ್ ತನಕ ಬೆರಳು ಎಟುಕುವುದೇ ಕಷ್ಟ. ಮೈ ತಿರುಚಿ ಹೇಗೋ ಎಟುಕಿಸಿಕೊಂಡರೆ ಮರದ ತುದಿ ಭುಜದ ಗುಂಡಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತದೆ. ಮೊದಲ ಸಲ ಹಾರಿಸಿದಾಗ ಒದ್ದ ಒದೆಗೆ ತೋಳು ಎಂಟು ದಿನ ನೇರಳೆ ಬಣ್ಣಕ್ಕಿತ್ತು. ಹಂದಿಗಳು ಹೋದವು, ನಾನು ಬದುವಿನ ಮೇಲೆ ಕೂತು ಹಲ್ಲು ಕಚ್ಚಿದೆ. ಮೈದುನನೂ ಆರಡಿ. ಅಣ್ಣನ ಅಳತೆ ಅಂದರೆ ಆತನದೇ ಅಳತೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ, ಆದರೆ ಕೂದಲು ಯಾರದೆಂದು ನನಗೆ ಗೊತ್ತು.

ಒಂದು ಬುಧವಾರ ಆತನ ಕಾರಿನಲ್ಲಿ ಚಿಂತಾಮಣಿಗೆ ಹೋದೆವು. ಬಂದೂಕಿನ ಕಬ್ಬಿಣ ಮನೆಯ ಬೀರುವಿನಲ್ಲಿ ಬೀಗದೊಳಗಿತ್ತು. ಮುರಿದ ಮರದ ಎರಡು ತುಂಡು ಮಾತ್ರ ಚೀಲದಲ್ಲಿ. ಆತನಿಗೆ ಗೊತ್ತಿದ್ದ ಸಾಮಿಲ್ಲಿನವರು ತೇಗದ ಒಂದು ದಪ್ಪ ಹಲಗೆ ಎಳೆದು ಹಾಕಿದರು. ಮೈದುನ ಅದನ್ನು ಮಗಳ ಮದುವೆಗೆ ಗಂಡು ನೋಡಿದಂತೆ ಸುತ್ತಲೂ ನೋಡಿ ತಲೆದೂಗಿದ.

‘ಏಂ ಕಟ್ಟೆ ಅಂಡಿ ಇದಿ!’ ಎಂದು ಮಿಲ್ಲಿನವನ ಮುಂದೆ ಆ ಮರವನ್ನು ತೆಲುಗಿನಲ್ಲಿ ಹೊಗಳಿ, ನನ್ನ ಕಡೆ ತಿರುಗಿ, ‘ತೇಗ ಅಂದ್ರೆ ತೇಗ ಅತ್ಗೆ. ಅಣ್ಣಂಗೆ ತೇಗ ಅಂದ್ರೆ ಪ್ರಾಣ’ ಎಂದ.

‘ನಿಮ್ಮಣ್ಣನಿಗೆ ಬೋಂಡ ಅಂದ್ರೆ ಪ್ರಾಣ. ಮರದ ಮಾತು ನನ್ನ ಹತ್ರ ಒಂದು ದಿನ ಆಡಿಲ್ಲ.’

ಹಲಗೆಯ ತುದಿಯಲ್ಲಿ ಉಗುರು ಹೋಗುವಷ್ಟು ಸೀಳು ಕಂಡಿತು. ಬೆರಳು ಇಟ್ಟು ತೋರಿಸಿದೆ. ‘ಅದು ಒಣಗಿದ ಸೀಳು, ಏನಾಗಲ್ಲ’ ಎಂದ ಮಿಲ್ಲಿನವನು. ಒಣಗಿದ್ದಕ್ಕೇ ಸೀಳಿದ್ದು ಒದೆ ಬಿದ್ದರೆ ಸೀಳದೆ ಇರುತ್ತದೆಯೇ ಎಂದು ಕೇಳಿದೆ. ಆತ ನನಗೆ ಉತ್ತರ ಕೊಡುವ ಬದಲು ಮೈದುನನ ಮುಖ ನೋಡಿದ. ಇಬ್ಬರೂ ನಕ್ಕರು. ಹೆಂಗಸು ಕೇಳಿದ ಪ್ರಶ್ನೆಗೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುವುದನ್ನು ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಚೀಲ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂತೆ. ಅರ್ಧ ಗಂಟೆ ಬಿಸಿಲಿನಲ್ಲಿ ಕೂತೆ. ಕೊನೆಗೆ ಮೈದುನ ತೇಗ ಬಿಟ್ಟು ಬಂದ.

ವಾಪಸು ಬರುವಾಗ ಶಿಡ್ಲಘಟ್ಟದಲ್ಲಿ ಇಳಿದೆವು. ಇದು ನಾನು ವಿಚಾರಿಸಿಟ್ಟಿದ್ದ ಜಾಗ. ರೇಷ್ಮೆ ನೂಲು ತೆಗೆಯುವ ಚರಕಗಳಿಗೆ ಮರದ ಚಕ್ರ ಮಾಡುವ ಒಬ್ಬ ಮುದುಕರು ಅಲ್ಲಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ವಯಸ್ಸಿನಲ್ಲಿ ಬಂದೂಕಿನ ಮರಗಳನ್ನೂ ಕೆತ್ತಿದ್ದರಂತೆ. ಭುಜಕ್ಕೆ ಒತ್ತಿಕೊಳ್ಳುವ ಆ ಮರಕ್ಕೆ ಅವರು ಕುಂದಾ ಎನ್ನುತ್ತಿದ್ದರು. ಮುರಿದ ತುಂಡುಗಳನ್ನು ಜೋಡಿಸಿ ನೋಡಿ, ‘ಎಳೆ ಅಡ್ಡ ಹೋಗಿದೆ ಅಮ್ಮಾ. ಕತ್ತಲ್ಲಿ ಎಳೆ ಅಡ್ಡ ಇದ್ರೆ ಒಂದಿನ ಮುರಿಯೋದೇ’ ಎಂದರು. ನನಗೆ ಒಳಗೊಳಗೇ ಸಂಕಟವಾಯಿತು. ಮೈದುನ ಬೀಳಿಸಿದ್ದರಿಂದಲೇ ಮುರಿಯಿತು ಎಂದು ನಂಬುವುದು ನನಗೆ ಬೇಕಾಗಿತ್ತು.

ಅಂಗಡಿಯ ಹಿಂದೆ ಗೋಣಿಚೀಲ ಮುಚ್ಚಿಟ್ಟಿದ್ದ ಮರದ ತುಂಡುಗಳನ್ನು ಒಂದೊಂದಾಗಿ ತೋರಿಸಿದರು. ಹಲಸು ಇತ್ತು, ಬಾಗೆ ಇತ್ತು. ಕೊನೆಗೆ ತೆಗೆದದ್ದು ಮಾಸಲು ಹಳದಿಯ ಒಂದು ತುಂಡು. ಎರಡು ತುದಿಗೂ ಮೇಣ ಬಳಿದಿದ್ದರು.

‘ಹಿಪ್ಪುನೇರಳೆ’ ಎಂದರು.

ಮೈದುನ ನಕ್ಕುಬಿಟ್ಟ. ‘ಹುಳಕ್ಕೆ ಸೊಪ್ಪು ಹಾಕೋ ಗಿಡ ಅಲ್ವಾ ಸ್ವಾಮಿ ಇದು!’

‘ಕತ್ತರಿಸ್ತಾ ಇದ್ರೆ ಗಿಡ. ಬಿಟ್ರೆ ಮರ’ ಎಂದರು ಉಸ್ತಾದ್, ಆತನ ಕಡೆ ನೋಡದೆ. ಯಾವುದೋ ತೋಟದ ಬೇಲಿಯಲ್ಲಿ ಯಾರೂ ಕತ್ತರಿಸದೆ ಬಿಟ್ಟಿದ್ದ ಮರವಂತೆ. ರಸ್ತೆ ಅಗಲ ಮಾಡುವಾಗ ಉರುಳಿತು. ಇವರು ನಾಲ್ಕು ವರ್ಷ ನೆರಳಲ್ಲಿ ಒಣಗಿಸಿದ್ದರು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಧೂಳಿನ ಕೆಳಗಿಂದ ಎಳೆಗಳು ಎದ್ದು ಬಂದವು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಾಗಿ, ಎಲ್ಲೂ ಕಡಿಯದೆ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ನನಗೂ ತಟ್ಟಲು ಹೇಳಿದರು. ತಟ್ಟಿದೆ. ಒಡಕು ಸದ್ದಿರಲಿಲ್ಲ.

‘ಇದು ಒದೆ ತಿಂದ್ರೆ ಬಗ್ಗುತ್ತೆ, ಸೀಳಲ್ಲ.’

‘ಇದೇ ಇರಲಿ’ ಎಂದೆ. ನಾಲ್ಕು ವರ್ಷದಲ್ಲಿ ಯಾರನ್ನೂ ಕೇಳದೆ ನಾನು ಒಂದನ್ನು ಆರಿಸಿದ್ದು ಅದೇ ಮೊದಲು.

‘ಕುಂದಾ ಯಾರ ಕೈಗೆ?’ ಎಂದು ಕೇಳಿದರು ಉಸ್ತಾದ್.

ನಾನು ಬಾಯಿ ತೆರೆಯುವಷ್ಟರಲ್ಲಿ ಮೈದುನ ಅಂಗಿಯ ತೋಳು ಮಡಚಿ ತನ್ನ ಕೈ ಮುಂದೆ ಚಾಚಿದ್ದ. ‘ಹೆಣ್ಮಕ್ಕಳ ಕೈ ಏನ್ ಅಳೀತೀರ ಸ್ವಾಮಿ, ಚೆನ್ನಾಗಿರಲ್ಲ. ನಂದು ಅಳೀರಿ. ನಂದೂ ಅಣ್ಣಂದೂ ಒಂದೇ.’

ಮರ್ಯಾದೆ ಎಂಬುದನ್ನೂ ಕಳ್ಳತನಕ್ಕೆ ಬಳಸಬಹುದು ಎಂದು ಅವತ್ತು ಕಲಿತೆ. ಉಸ್ತಾದ್ ಒಂದು ಕ್ಷಣ ಆ ಕೈಯನ್ನು ನೋಡಿದರು. ಆಮೇಲೆ ಗೂಟಕ್ಕೆ ನೇತುಹಾಕಿದ್ದ ರೇಷ್ಮೆ ದಾರದ ಒಂದು ಎಳೆ ಕಿತ್ತು ನನ್ನ ಮುಂದಿನ ಹಲಗೆಯ ಮೇಲಿಟ್ಟರು. ‘ನೀವೇ ಹಿಡೀರಿ ಅಮ್ಮಾ. ಮೊಣಕೈ ಮಡಚಿ, ಮಡಿಕೆಯಿಂದ ತೋರುಬೆರಳಿನ ಮೊದಲ್ನೇ ಗೆಣ್ಣಿನ ತನಕ. ಎರಡು ಕಡೆ ಗಂಟು ಹಾಕಿ.’ ನಾನೇ ಹಿಡಿದೆ, ನಾನೇ ಹಲ್ಲಿನಿಂದ ಎಳೆದು ಗಂಟು ಹಾಕಿದೆ. ಅವರು ದಾರವನ್ನು ಆ ಹಳದಿ ತುಂಡಿಗೇ ಸುತ್ತಿಟ್ಟರು. ಮೈದುನ ತೋಳು ಇಳಿಸಿ ಗುಂಡಿ ಹಾಕಿಕೊಂಡ. ನಾನು ಗೆದ್ದೆ ಎಂದುಕೊಂಡೆ.

ಮೂರು ವಾರದ ನಂತರ ಕಬ್ಬಿಣ ಕೂರಿಸಿ ನೋಡಲು ಮತ್ತೆ ಹೋದೆವು. ಬಂದೂಕಿನ ಕಬ್ಬಿಣ, ಲೈಸೆನ್ಸು ಎರಡೂ ನನ್ನ ಮಡಿಲಲ್ಲಿದ್ದವು. ಆತ ದಾರಿಯುದ್ದಕ್ಕೂ ತುಂಬ ಗೆಲುವಾಗಿದ್ದ. ಚಿಕ್ಕಬಳ್ಳಾಪುರದಲ್ಲಿ ಕಾರು ನಿಲ್ಲಿಸಿ ನನಗೆ ಎಳನೀರು ಕುಡಿಸಿದ. ಆಗಲೇ ಅನುಮಾನ ಬರಬೇಕಿತ್ತು.

ಕುಂದಾ ಸೊಗಸಾಗಿ ಬಂದಿತ್ತು. ಉಸ್ತಾದ್ ಕಬ್ಬಿಣ ಕೂರಿಸಿ ಕೈಗೆ ಕೊಟ್ಟರು. ಭುಜಕ್ಕೆ ಏರಿಸಿದೆ. ಬೆರಳು ಟ್ರಿಗರಿಗೆ ಎಟುಕಲಿಲ್ಲ. ಮತ್ತೆ ಏರಿಸಿದೆ. ಎಟುಕಲಿಲ್ಲ. ಮರದ ತುದಿ ಮತ್ತದೇ ತೋಳಿನ ಮೇಲೆ ಜಾರಿ ಕೂತಿತು.

‘ದಾರ ಎಲ್ಲಿ?’ ಎಂದೆ.

ಉಸ್ತಾದ್ ಗಲಿಬಿಲಿಯಾದರು. ‘ನೀವೇ ಫೋನ್ ಮಾಡಿಸಿದ್ರಲ್ಲ ಅಮ್ಮಾ, ಹಳೇ ಅಳತೆನೇ ಇರ್ಲಿ, ಅತ್ತಿಗೆ ಹೇಳಿದಾರೆ ಅಂತ.’

‘ನಾನು ಹೇಳಿದ್ದು ನೀವು ಕೇಳಿದ್ರಾ? ನನ್ನ ನಂಬರ್ ಬರೆದುಕೊಟ್ಟಿದ್ದೆ. ಗಂಡಸು ಒಬ್ಬ ಮಾತಾಡಿದ್ರೆ ಆಯ್ತು, ಅಲ್ವಾ?’

ಅವರಿಗೆ ಅಷ್ಟು ಜೋರಾಗಿ ಹೇಳಬಾರದಿತ್ತು. ಆದರೆ ಹೇಳಿದೆ, ವಾಪಸು ತೆಗೆದುಕೊಳ್ಳುವುದಿಲ್ಲ. ‘ತಪ್ಪಾಯ್ತಮ್ಮಾ’ ಎಂದು ಮೊಳೆಗೆ ಸಿಕ್ಕಿಸಿದ್ದ ದಾರ ತಂದು ಕುಂದಾದ ಪಕ್ಕ ಹಿಡಿದರು. ನನ್ನ ಗಂಟಿನಿಂದ ಮರ ಎರಡು ಬೆರಳಿನಷ್ಟು ಆಚೆಗಿತ್ತು.

ಮೈದುನನ ಕಣ್ಣು ಆಗಲೇ ತುಂಬಿತ್ತು. ‘ಅಣ್ಣನ ನೆನಪಿಗೆ ಅತ್ಗೆ… ಅವ್ನ ಕೈ ಅಳತೆ ಒಂದಾದ್ರೂ ಮನೇಲಿರ್ಲಿ ಅಂತ…’

‘ಗರಗಸ ಕೊಡಿ’ ಎಂದೆ.

‘ನಾನು ಕೊಯ್ದು ಕೊಡ್ತೀನಿ ಅಮ್ಮಾ’ ಎಂದರು ಉಸ್ತಾದ್.

‘ಬೇಡ. ಗೆರೆ ಮಾತ್ರ ಹಾಕಿ ಕೊಡಿ.’

ಅವರು ಕಬ್ಬಿಣ ಬಿಚ್ಚಿ, ಗೆರೆ ಎಳೆದು, ಕುಂದಾವನ್ನು ಬೆಂಚಿನ ಇಕ್ಕಳದಲ್ಲಿ ಬಿಗಿದರು. ನಾನು ಜನ್ಮದಲ್ಲಿ ಮರ ಕೊಯ್ದವಳಲ್ಲ. ಗರಗಸ ಸಿಕ್ಕಿಕೊಂಡಿತು, ಗೆರೆ ಬಿಟ್ಟು ಹೋಯಿತು, ಉಸ್ತಾದ್ ‘ನಿಧಾನ, ನಿಧಾನ’ ಎಂದರು. ನಿಜಕ್ಕೂ ಗಟ್ಟಿ ಮರ. ಬೆವರು ಕಣ್ಣಿಗಿಳಿಯಿತು. ನನ್ನ ಗಂಡ ಕೆಟ್ಟವನಲ್ಲ. ಕೊಯ್ಯುವಾಗ ಆತನಿಗೆ ಮನಸ್ಸಿನಲ್ಲಿ ಹೇಳಿಕೊಂಡೆ, ನಿನ್ನ ಮೇಲೆ ನನಗೆ ಕೋಪವಿಲ್ಲ, ನಿನ್ನ ಉದ್ದದ ಮೇಲೆ ಮಾತ್ರ. ಮೈದುನ ಕದಲದೆ ನಿಂತು ನೋಡುತ್ತಿದ್ದ. ಆತನ ಕಣ್ಣು ಒಣಗಿತ್ತು. ತುಂಬಿದ ಕಣ್ಣು ಅಷ್ಟು ಬೇಗ ಒಣಗಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ತುದಿ ಬಿತ್ತು. ಎತ್ತಿಕೊಂಡೆ. ಕೊಯ್ದ ಮುಖ ಹಸಿ ಅರಿಶಿನದ ಬಣ್ಣಕ್ಕಿತ್ತು. ಆತನ ಕೈ ಹಿಡಿದು ಅಂಗೈಯಲ್ಲಿಟ್ಟೆ.

‘ತಗೋಪ್ಪ. ನಿನ್ನ ಪಾಲು.’

ಆತ ಅದನ್ನು ಎಸೆಯಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ. ಅಂಗೈ ಚಾಚಿಕೊಂಡೇ ನಿಂತಿದ್ದ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ಅತ್ತಿಗೆ ಎನ್ನದೆ ಮಾತಾಡಿದ.

‘ನಿಮ್ ಹೊಲದ ಕೆಲ್ಸಕ್ಕೆ ಇನ್ಮೇಲೆ ನನ್ನ ಕರೀಬೇಡಿ. ಬಿತ್ತೋಕೂ ಬರಲ್ಲ, ಕಾಯೋಕೂ ಬರಲ್ಲ. ಆ ಕಡೆ ಕಾಲೇ ಇಡಲ್ಲ ನಾನು.’

ಹೆದರಿಸುವುದಕ್ಕೆ ಹೇಳಿದ. ಇಷ್ಟು ದಿನ ನಾನು ಆತನ ಬಾಯಿಂದ ಕೇಳಬೇಕೆಂದು ಕಾದಿದ್ದು ಆ ಒಂದು ಮಾತನ್ನು.