ಅವ್ವನ ಪುಂಡಿಪಲ್ಲೆ, ನಮ್ಮ ಹಿತ್ತಲ ಪೈಪು

ಗೆಳೆಯರೇ, ಇವತ್ತು ನಮ್ಮ ಹಿತ್ತಲಲ್ಲಿ ನಾಲ್ಕು ಗುಂಡಿ ಬಿದ್ದವು. ಮೂರು ಮೇಸ್ತ್ರಿಯ ಜಾಣತನಕ್ಕೆ, ಒಂದು ನನ್ನ ಹೆಂಡತಿಯ ಜಾಣತನಕ್ಕೆ. ಬಾವಿಕಟ್ಟೆಯ ತೊಟ್ಟಿಯಿಂದ ಬಚ್ಚಲಿಗೆ ನೆಲದೊಳಗೆ ಹೂಳಿದ್ದ ಮಣ್ಣಿನ ಪೈಪು ಎಲ್ಲೋ ಒಡೆದಿತ್ತು. ಹೆಂಡತಿ ಇಪ್ಪತ್ತು ಕೊಡ ಸೇದಿ ಸುರಿದರೆ ಬಚ್ಚಲು ತಲುಪುತ್ತಿದ್ದುದು ಹತ್ತೇ.

ಸವಣೂರಿಗೆ ಚಕ್ಕಡಿ ಕಳಿಸಿ ಕರೆಸಿದ ಮೇಸ್ತ್ರಿ, ಅಪ್ಪನ ಕಾಲದ ನಕಾಶೆ ಹಿಡಿದು, "ಇಲ್ಲೇ ಒಡದಿರಬೇಕ್ರಿ" ಎನ್ನುತ್ತ ಮೂರು ಕಡೆ ಅಗೆಸಿದ. ಮೂರೂ ಕಡೆ ಪೈಪು ಗಟ್ಟಿಯಾಗಿತ್ತು.

ಕಡೆಗೆ ಹೆಂಡತಿ, ಅವ್ವ ಬೆಳೆಸಿದ ಹುಳಿಸೊಪ್ಪಿನ ಮಡಿಯತ್ತ ಕೈ ತೋರಿಸಿ ಬಾಯಿಬಿಟ್ಟಳು: "ಇಂಥಾ ಬಿಸಲಾಗ ಅತ್ತಿಯವರ ಪುಂಡಿಪಲ್ಲೆ ಒಂದ ಯಾಕ ಹಸರಾಗೈತಿ? ಅದರ ಮಗ್ಗಲಕ ಅಗೀರಿ."

ಬಿರುಕು ಅಲ್ಲೇ ಇತ್ತು.

"ಅವ್ವಾ, ನಿನಗ ಗೊತ್ತಿತ್ತೇನು?" ಎಂದೆ.

"ಎರಡ ವರ್ಷದಿಂದ ಗೊತ್ತೈತಿ. ಹೇಳಿದ್ರ ನನ್ನ ಪಲ್ಲೆಗೆ ನೀರ ಯಾರ ಹಾಕ್ತಿದ್ರು?"

ಸಂಜೆಯೊಳಗೆ ಒಡೆದ ತುಂಡು ತೆಗೆದು ಕಬ್ಬಿಣದ ಪೈಪು ಜೋಡಿಸಿದ್ದಾಯಿತು. ಸುರಿದ ನೀರೆಲ್ಲ ಬಚ್ಚಲಿಗೇ ಬಂತು. ಅವ್ವ ಸೊಸೆಗೆ, "ಇನ್ನ ಪಲ್ಲೆಗಂತ ಬ್ಯಾರೆ ಹತ್ತ ಕೊಡ ಸೇದವಾ" ಎಂದಳು.

ಹೆಂಡತಿ ಬಾವಿಯ ಹಗ್ಗ ತಂದು ನನ್ನ ಕೈಗಿಟ್ಟಳು: "ಪುಂಡಿಪಲ್ಲೆ ಇಲ್ಲದ ರೊಟ್ಟಿ ಇಳಿಯಂಗಿಲ್ಲ ಅನ್ನಾವ್ರು ತಾವ ಸೇದ್ಲಿ."

ಹತ್ತನೆಯ ಕೊಡಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಗೆಳೆಯರೇ, ಇವತ್ತಿನಿಂದ ನನಗೆ ಪುಂಡಿಪಲ್ಲೆ ಸೇರುವುದಿಲ್ಲ.